ಮದುಮಗಳ ಕಾರಿನ ಹಳದಿ ದೀಪ

ಜುಲೈ 12, ಶುಕ್ರವಾರ

ಮಸೀದಿಗೆ ಹೋಗಲಿಲ್ಲ. ಕಾಲುನೋವು ಎಂದು ಝೂಲಿಖಾಳ ಹತ್ತಿರ ಹೇಳಿದೆ. ಅವಳು ನನ್ನ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು, ಹೋಗಿ ಹುರುಳಿಕಾಯಿ ನಾರು ತೆಗೆಯಲು ಕೂತಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಕಾಲುನೋವು ಯಾವುದು, ಮುಖ ಮರೆಸಿಕೊಳ್ಳುವುದು ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಬರೆದಿಡುತ್ತೇನೆ. ಇಲ್ಲದಿದ್ದರೆ ತಲೆಯೊಳಗೆ ಅದೇ ಸುತ್ತುತ್ತಿರುತ್ತದೆ.

ನಿನ್ನೆ ನನ್ನ ತಂಗಿ ಹೂರಿಯಾಳ ಮಗಳು ವಹೀಬಾಳ ಮದುವೆ. ಆ ಹುಡುಗಿಗೆ ಅಪ್ಪ ಇಲ್ಲ. ತವರಿನಿಂದ ಹೊರಡಿಸುವುದು ಸೋದರಮಾವನಾದ ನನ್ನ ಪಾಲಿಗೆ ಬಂತು. ನಮ್ಮಪ್ಪನ ಬುರ್ನೂಸ್, ಬಿಳಿ ಉಣ್ಣೆಯ ಆ ಉದ್ದನೆಯ ಮೇಲುಹೊದಿಕೆ, ಹೊದ್ದು ಬಾಗಿಲಲ್ಲಿ ತೋಳು ಚಾಚಿ ನಿಂತೆ. ಅವಳು ತೋಳಿನ ಕೆಳಗಿನಿಂದ ಬಾಗಿ ಹಾದು ಹೊರಗೆ ಬಂದಳು. ಬುರ್ನೂಸ್ ತೆಗೆದು ಅವಳ ಹೆಗಲಿಗೆ ಹೊದಿಸಿದೆ. ಹೂರಿಯಾ ಅತ್ತಳು, ನಾನೂ ಅತ್ತೆ. ಅಲ್ಲಿಯವರೆಗೂ ಎಲ್ಲ ಸರಿಯಾಗಿತ್ತು.

ಮದುಮಗಳು ನನ್ನ ಕಾರಿನಲ್ಲೇ ಹೋಗಬೇಕೆಂದು ಹಟ ಹಿಡಿದವನು ನಾನೇ. ಗಂಡಿನ ಕಡೆಯವರು ಹೊಸ ಬಿಳಿ ಕಾರು ತರುತ್ತೇವೆ ಎಂದಿದ್ದರು. ನನ್ನದು ಇಪ್ಪತ್ತು ವರ್ಷದ ಹಳೆಯ ಡೀಸೆಲ್ ಗಾಡಿ, ಜರ್ಮನಿಯದು, ಆದರೆ ಒಂದು ದಿನವೂ ಕೈಕೊಟ್ಟದ್ದಿಲ್ಲ. ಹೂ, ರಿಬ್ಬನ್ನು, ಹಿಂದಿನ ಗಾಜಿಗೆ ಬಣ್ಣದ ದೀಪಗಳ ಸರ, ಎಲ್ಲ ನಾನೇ ಕಟ್ಟಿದೆ. ಕರೆಂಟ್ ಕಚೇರಿಯಲ್ಲಿ ಮೀಟರ್ ಓದಿಕೊಂಡೇ ತಲೆ ಬೆಳ್ಳಗಾದವನು ನಾನು, ತಂತಿಯ ಕೆಲಸಕ್ಕೆ ಬೇರೆಯವರನ್ನು ಕರೆಯುತ್ತೇನೆಯೇ?

ಮುಂದೆ ಟ್ರಕ್ಕಿನ ಮೇಲೆ ವಾಲಗದವರು, ಹಿಂದೆ ಹಾರ್ನ್ ಹೊಡೆಯುತ್ತ ಹದಿನೈದಿಪ್ಪತ್ತು ಕಾರು. ಅಂಚೆ ಕಚೇರಿಯ ಏರು ಶುರುವಾಯಿತು. ನಮ್ಮ ಮೆದೇಯಾ ಊರಿಗೆ ಊರೇ ಅಲ್ಲಿನ ಕಾಫಿ ಅಂಗಡಿಗಳ ಮುಂದೆ ಕೂತಿರುತ್ತದೆ. ಏರಿನ ಮಧ್ಯೆ ಇಂಜಿನ್ನಿಗೆ ಉಸಿರೇ ಇಲ್ಲದ ಹಾಗಾಯಿತು. ಒತ್ತಿದಷ್ಟೂ ಗುರುಗುಟ್ಟಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಆಮೇಲೆ ಹಿಂದಕ್ಕೆ ಜಾರತೊಡಗಿತು. ಕೈಬ್ರೇಕು ಎಳೆದೆ, ಇಂಜಿನ್ನೂ ಆರಿಹೋಯಿತು. ವಾಲಗ ನಿಂತಿತು. ಮದುಮಗಳ ಕಾರು ದಾರಿಯಲ್ಲಿ ನಿಲ್ಲುವುದೆಂದರೆ! ಹೆಂಗಸರೆಲ್ಲ ಬಾಯಿಗೆ ಕೈ ಹಿಡಿದರು.

ಮೊನ್ನೆ ಸಂಜೆ ಗಂಡಿನ ತಮ್ಮ ಝೂಬೀರ್ ಕಾರು ತೊಳೆಸಿ, ಡೀಸೆಲ್ ತುಂಬಿಸಿಕೊಂಡು ಬಂದಿದ್ದ. ಅವನು ಓಡಿಬಂದು "ಏನಾಯ್ತು ಚಿಕ್ಕಪ್ಪ?" ಅಂದ. ನಾನು ಕೆಳಗಿಳಿದು, ಎಲ್ಲರಿಗೂ ಕೇಳುವ ಹಾಗೆ, "ಏನಾಯ್ತು ಅಂತ ನನ್ನ ಕೇಳ್ತೀಯಾ? ಟ್ಯಾಂಕಿಗೆ ನೀರು ಹಾಕಿಸ್ಕೊಂಡು ಬಂದಿದ್ದೀಯ! ನಿಮ್ಮ ಹೊಸ ಕಾರಲ್ಲಿ ಹುಡುಗಿ ಬರ್ಲಿಲ್ಲ ಅಂತ ಹೊಟ್ಟೆಕಿಚ್ಚು!" ಅಂದೆ.

ಅವನು ತಮ್ಮವರ ಕಡೆ ತಿರುಗಿ ಕೈ ಬೀಸಿದ. ವಹೀಬಾಳನ್ನು ಇಳಿಸಿ ಅವರ ಬಿಳಿ ಕಾರಿಗೆ ಹತ್ತಿಸಿಕೊಂಡರು. ಗಡಿಬಿಡಿಯಲ್ಲಿ ಬುರ್ನೂಸ್ ನನ್ನ ಹಿಂದಿನ ಸೀಟಿನಲ್ಲೇ ಉಳಿಯಿತು. ನಮ್ಮ ಮನೆಯ ಹೊದಿಕೆ ಇಲ್ಲದೆ ಹುಡುಗಿ ಗಂಡನ ಮನೆ ಹೊಕ್ಕಳು.

ನಾನು ಅಲ್ಲೇ ನಿಂತು ದೀಪಗಳ ಸರವನ್ನು ಕಿತ್ತು ಕಾರಿನ ಡಿಕ್ಕಿಯೊಳಗೆ ಎಸೆದೆ. ಸಂಜೆ ಕಾರು ತರಲು ಹೋದರೆ ಒಂದೇ ಸಲಕ್ಕೆ ಶುರುವಾಗಿ ಕುದುರೆಯ ಹಾಗೆ ಏರು ಹತ್ತಿತು. ನೀರು ಅಡಿಗೆ ಇಳಿದಿರಬೇಕು.

ಜುಲೈ 13, ಶನಿವಾರ

ಬ್ರೆಡ್ಡಿಗೆ ಹೋಗುವಾಗ ಹಿಂದಿನ ಬೀದಿ ಹಿಡಿದೆ. ಅಲ್ಲೂ ಕ್ಷೌರದವನು ಬಾಗಿಲಲ್ಲಿ ನಿಂತು, "ಲಖ್ದರ್, ಇವತ್ತು ನಡ್ಕೊಂಡಾ? ಒಳ್ಳೇದು, ಕಾಲಿಗೆ ಡೀಸೆಲ್ ಬೇಡ" ಅಂದ. ನಕ್ಕೆ. ನಗದೆ ಏನು ಮಾಡಲಿ.

ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಡೀಸೆಲ್ ಇಳಿಸಿದೆ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲಬೇಕು. ಸಂಜೆಯವರೆಗೂ ಕಿಟಕಿಯಲ್ಲಿಟ್ಟು ನೋಡಿದೆ. ಹೊಸ ಜೇನಿನ ಹಾಗೆ ತಿಳಿಯಾಗಿದೆ. ಇದ್ದ ನೀರೆಲ್ಲ ಅವತ್ತೇ ಸುಟ್ಟುಹೋಗಿರಬೇಕು.

ಬಾಟಲಿಯನ್ನು ಝೂಲಿಖಾಗೆ ಕಾಣದ ಹಾಗೆ ಸರಿಸಿಟ್ಟೆ.

ಜುಲೈ 14, ಭಾನುವಾರ

ಹೂರಿಯಾ ಮಗಳನ್ನು ನೋಡಿಕೊಂಡು ಬಂದಳು. ಮೂರನೆಯ ದಿನ ತಾಯಿ ಹೋಗುವುದು ಪದ್ಧತಿ. ಬಂದವಳು ಚಪ್ಪಲಿ ಸಹ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಬರೀ ಕಾಫಿ ಕೊಟ್ರು ಅಣ್ಣ. ತಟ್ಟೇಲಿ ಸಿಹಿ ಅಂತ ಒಂದು ಮಕ್ರೂದ್ ಇಲ್ಲ, ಒಂದು ಖರ್ಜೂರ ಇಲ್ಲ. ಮೂರನೇ ದಿನಕ್ಕೆ ಬಂದ ಬೀಗಿತ್ತಿಗೆ!"

"ವಹೀಬಾ?"

"ಅಡುಗೆಮನೇಲಿದ್ಲು. ಅವಳ ನಾದಿನಿ ನನ್ನೆದುರಿಗೇ ಅಂತಾಳೆ, 'ಸಾರಿಗೆ ನೀರು ಹಾಕೋಕೆ ಮುಂಚೆ ನಿಮ್ಮ ಸೋದರಮಾವನ್ನ ಒಂದ್ ಮಾತು ಕೇಳಮ್ಮ, ಆಮೇಲೆ ನಮ್ ತಲೆಮೇಲೆ ಬರತ್ತೆ.' ಎಲ್ರೂ ನಕ್ರು. ನನ್ನ ಮಗಳೂ ನಗೋ ಹಾಗೆ ಮಾಡಿದ್ಲು."

ಗಂಡಿನ ಅಪ್ಪ ಹಾಜಿ ತಯೆಬ್ ಹೂರಿಯಾಳ ಹತ್ತಿರ ಮಾತು ಕಳಿಸಿದ್ದಾರೆ. ಗುರುವಾರ ಏಳನೆಯ ದಿನ, ಮದುಮಗಳ ಸೊಂಟಕ್ಕೆ ಪಟ್ಟಿ ಕಟ್ಟುವ ಶಾಸ್ತ್ರ, ತವರಿನವರೆಲ್ಲ ಸಿಹಿ ಹೊತ್ತು ಹೋಗುವ ದಿನ. ಅಂದು ನಾನು ಅವರ ಮನೆಗೆ ಕಾಲಿಡಬೇಕಾದರೆ ಎರಡರಲ್ಲಿ ಒಂದು ಆಗಬೇಕಂತೆ: ಟ್ಯಾಂಕಿನಲ್ಲಿ ನೀರಿತ್ತು ಎಂದು ತೋರಿಸಬೇಕು, ಇಲ್ಲವೇ ಝೂಬೀರನ ಮುಖ ನೋಡಿ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು.

"ಎರಡೂ ಆಗದಿದ್ರೆ?" ಅಂದೆ.

"ಶಾಸ್ತ್ರಾನ ಅವರೇ ಮಾಡ್ಕೋತಾರಂತೆ. ತವರಿಲ್ಲದ ಹುಡುಗಿ ಅಂದ್ಕೋತಾರಂತೆ." ಹೂರಿಯಾ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ತೋರಿಸುತ್ತೇನೆ. ಸ್ಪೇರ್ ಪಾರ್ಟ್ಸ್ ಅಂಗಡಿಯ ಮೂಸಾನಿಗೆ ಫೋನ್ ಮಾಡಿದೆ. ನನ್ನಂಥ ಹಳೆಯ ಡೀಸೆಲ್ ಗಾಡಿಯಲ್ಲೂ ಒಂದು ಚಿಕ್ಕ ಕಂಪ್ಯೂಟರ್ ಇದೆಯಂತೆ, ಎಡವಟ್ಟಾದದ್ದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದಂತೆ. ಯಂತ್ರ ಬೇಕಿಲ್ಲ. ಸ್ಟಿಯರಿಂಗಿನ ಕೆಳಗೆ ಪ್ಲಗ್ಗಿನ ಎರಡು ತೂತಿಗೆ ತಂತಿ ಸಿಕ್ಕಿಸಿ ಕೀಲಿ ತಿರುಗಿಸಿದರೆ, ಎದುರಿನ ಹಳದಿ ಇಂಜಿನ್ ದೀಪ ಮಿನುಗಿ ಲೆಕ್ಕ ಹೇಳುತ್ತದೆ. ಮೊದಲು ಒಂದು ಅಂಕಿ, ಬಿಡುವು, ಆಮೇಲೆ ಇನ್ನೊಂದು ಅಂಕಿ. ಅಂಕಿ ಹೇಳಿದರೆ ಕಾಯಿಲೆ ಯಾವುದೆಂದು ಅವನು ಹೇಳುತ್ತಾನೆ.

ಯಾವುದಕ್ಕೆ ಬೇಕು ಎಂದು ಮೂಸಾ ಕೇಳಲಿಲ್ಲ. ಊರಿಗೆಲ್ಲ ಗೊತ್ತಿರಬೇಕು.

ಜುಲೈ 15, ಸೋಮವಾರ

ಮನೆಯ ಹಿಂದಿನ ಅಂಗಳದಲ್ಲಿ ಕಾರು ನಿಲ್ಲಿಸಿ, ಬೀದಿಗೆ ಕಾಣದ ಹಾಗೆ ಗೇಟಿಗೆ ಕಂಬಳಿ ಹಾಕಿದೆ. ಪ್ಲಗ್ಗು ಸ್ಟಿಯರಿಂಗಿನ ಅಡಿಯಲ್ಲಿ, ಎಲ್ಲೋ ಒಳಗೆ. ತಲೆಕೆಳಗಾಗಿ ಮಲಗಿ ತಂತಿ ಹಿಡಿದರೆ ದೀಪ ಕಾಣುವುದಿಲ್ಲ. ದೀಪ ನೋಡಲು ಎದ್ದರೆ ತಂತಿ ಜಾರುತ್ತದೆ. ಕೊನೆಗೆ ಝೂಲಿಖಾಳನ್ನು ಕರೆಯಲೇಬೇಕಾಯಿತು.

ಅವಳು ಮೊದಲು ನನ್ನ ತಂತಿ ನೋಡಿ, "ಇದು ದಪ್ಪ ಆಯ್ತು" ಎಂದು ತಲೆಯಿಂದ ಹೇರ್‌ಪಿನ್ ತೆಗೆದುಕೊಟ್ಟಳು. ಅದು ಸರಿಯಾಗಿ ಕೂತಿತು. ಅವಳು ಪಕ್ಕದ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು.

"ಬಂತು. ಒಂದು, ಎರಡು, ಮೂರು. ನಿಂತ್ಹೋಯ್ತು. ಮತ್ತೆ ಒಂದು, ಎರಡು, ಮೂರು, ನಾಲ್ಕು, ಐದು."

"ಸರಿಯಾಗಿ ನೋಡೇ. ಮೂರು–ಐದಾ?"

"ನಾನು ಕಣ್ಣು ಮುಚ್ಕೊಂಡು ಎಣಿಸ್ತಿದ್ದೀನಾ? ಬೇಕಾದ್ರೆ ನೀವು ಬನ್ನಿ, ನಾನು ಕೆಳಗೆ ಮಲಗ್ತೀನಿ."

ಮತ್ತೆ ಅದೇ ಬಂತು. ಮತ್ತೊಮ್ಮೆ ನೋಡಿದರೂ ಅದೇ. ಬೇರೆ ಯಾವ ಅಂಕಿಯೂ ಇಲ್ಲ. ಅಂಗಳದಲ್ಲೇ ನಿಂತು ಮೂಸಾನಿಗೆ ಫೋನ್ ಮಾಡಿದೆ. ಗುರುವಾರ ಹಾಜಿಯ ಮುಂದೆ ಹೇಗೆ ನಿಲ್ಲಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಆಗಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

"ಮೂರು–ಐದು ಅಂದ್ರೆ ಬ್ರೇಕು" ಅಂದ ಮೂಸಾ.

"ಡೀಸೆಲ್ ಅಲ್ವಾ? ನೀರು?"

"ಅದಕ್ಕೆ ಬೇರೆ ಅಂಕಿ ಇದೆ. ಇದು ಬ್ರೇಕ್ ಪೆಡಲಿನ ಸ್ವಿಚ್ಚು. ಕಾಲು ಬ್ರೇಕಿನ ಮೇಲಿದೆ ಅಂತ ಕಂಪ್ಯೂಟರಿಗೆ ಅನ್ನಿಸಿದ್ರೆ ನೀನೆಷ್ಟು ಆಕ್ಸಿಲೇಟರ್ ಒತ್ತಿದ್ರೂ ಡೀಸೆಲ್ ಕೊಡಲ್ಲ ಅದು. ಬ್ರೇಕ್ ಲೈಟಿನ ತಂತಿಗೆ ಎಲ್ಲೋ ಕರೆಂಟ್ ಬಿದ್ದಿರತ್ತೆ ನೋಡು. ಟ್ರೇಲರ್ ಗೀಲರ್ ಕಟ್ಟಿದ್ಯಾ?"

ಇಲ್ಲ ಎಂದೆ. ಫೋನ್ ಇಟ್ಟೆ.

ಝೂಲಿಖಾ ಸೀಟಿನಲ್ಲೇ ಕೂತಿದ್ದಳು, ಹೇರ್‌ಪಿನ್ನಿಗೆ ಕೈ ಚಾಚಿಕೊಂಡು. ಕೊಟ್ಟೆ. ಕೂದಲಿಗೆ ಸಿಕ್ಕಿಸಿಕೊಳ್ಳುತ್ತ ಕೇಳಿದಳು: "ಆ ಬಣ್ಣದ ದೀಪಗಳನ್ನ ಯಾವ ತಂತಿಗೆ ಕಟ್ಟಿದ್ರಿ?"

ಯಾವುದಕ್ಕೆ ಕಟ್ಟಿದೆ ಎಂದು ನನಗೆ ಗೊತ್ತು. ಹಿಂದಿನ ದೀಪಗಳಲ್ಲಿ ಬ್ರೇಕಿನದೇ ಹೆಚ್ಚು ಪ್ರಖರ. ಸರವೂ ಅದರ ಜೊತೆ ಉರಿದರೆ ಚೆಂದ ಎಂದು ಅದೇ ತಂತಿಗೆ ಸೇರಿಸಿ, ಬ್ಯಾಟರಿಯಿಂದ ಕರೆಂಟು ಎಳೆದು, ಗೇರಿನ ಪಕ್ಕ ಒಂದು ಸ್ವಿಚ್ಚಿಟ್ಟೆ. ಮನೆಯಿಂದ ಹೊರಟಾಗ ಸ್ವಿಚ್ಚು ಹಾಕಿರಲಿಲ್ಲ. ಅಂಚೆ ಕಚೇರಿಯ ಏರು ಬಂದಾಗ, ಕಾಫಿ ಅಂಗಡಿಯವರು ನೋಡಲಿ ಎಂದು ಹಾಕಿದೆ.

"ನೆನಪಿಲ್ಲ" ಎಂದೆ.

"ಹೂಂ" ಅಂದಳು. ಗೇಟಿನ ಕಂಬಳಿಯನ್ನು ಮಡಚಿಕೊಂಡು ಒಳಗೆ ಹೋದಳು.

ಜುಲೈ 16, ಮಂಗಳವಾರ

ಬೆಳಿಗ್ಗೆ ಬ್ಯಾಟರಿಯ ತಂತಿ ಬಿಚ್ಚಿಟ್ಟೆ. ಕೆಲವು ಗಂಟೆ ಬಿಚ್ಚಿಟ್ಟಿದ್ದರೆ ಕಂಪ್ಯೂಟರ್ ಎಲ್ಲ ಮರೆಯುತ್ತದೆ ಎಂದು ಮೂಸಾ ಮಾತಿನ ನಡುವೆ ಹೇಳಿದ್ದ. ಸಂಜೆ ಮತ್ತೆ ಹಾಕಿ ನೋಡಿದೆ. ದೀಪ ಏನೂ ಹೇಳಲಿಲ್ಲ.

ಈಗ ಯಾರು ಬಂದು ಓದಿದರೂ ಏನೂ ಸಿಗುವುದಿಲ್ಲ.

ಬುರ್ನೂಸ್ ಇನ್ನೂ ಹಿಂದಿನ ಸೀಟಿನಲ್ಲಿದೆ. ತೆಗೆದು ಒಳಗಿಡೋಣ ಎಂದು ಬಾಗಿಲು ತೆರೆದೆ. ಮುಟ್ಟಲಾಗಲಿಲ್ಲ.

ಜುಲೈ 17, ಬುಧವಾರ

ಝೂಲಿಖಾ ಊಟಕ್ಕೆ ರೆಶ್ತಾ ಮಾಡಿದ್ದಳು, ಹಬ್ಬ ಮದುವೆಗೆ ಮಾಡುವ ಶ್ಯಾವಿಗೆ. ನನಗೆ ಇಷ್ಟವೆಂದು ಮಾಡಿದಳೋ, ನಾಳೆ ಎಂಥ ದಿನ ಎಂದು ನೆನಪಿಸಲು ಮಾಡಿದಳೋ. ಎರಡು ತುತ್ತು ತಿಂದು ಕೈ ತೊಳೆದೆ.

"ನಾಳೆ ಹೋಗಲ್ಲ" ಎಂದೆ. "ಹೂರಿಯಾ ಜೊತೆ ನೀನು ಹೋಗಿ ಬಾ. ನಾನು ಬಂದ್ರೆ ಜಗಳ ಆಗತ್ತೆ. ಕಾಲ ಕಳೆದ್ರೆ ಅವರೇ ಮರೀತಾರೆ."

"ಅವರು ಮರೀತಾರೆ. ವಹೀಬಾ?"

"ಅವಳಿಗೇನು ಗೊತ್ತು, ಪಾಪ."

ಝೂಲಿಖಾ ಬಟ್ಟಲು ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಅವತ್ತು ಅವಳ ಪಕ್ಕದಲ್ಲಿ ಕೂತಿದ್ದೋಳು ನಾನು. ನೀವು ಸ್ವಿಚ್ ಹಾಕಿದ್ರಿ, ಗಾಡಿ ಮಂಕಾಯ್ತು, ಎದುರಿಗೆ ಹಳದಿ ದೀಪ ಬಂತು. ಅವಳು ಮುಸುಕು ಸರಿಸಿ ಬಗ್ಗಿ ನೋಡಿ, 'ಮಾಮಾ, ಅದೇನು ಹಳದಿ ದೀಪ?' ಅಂದ್ಲು. ನೀವೇನಂದ್ರಿ?"

ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡೆ.

"'ಅದೂ ಅಲಂಕಾರದ್ದೇ ಕಣಮ್ಮ' ಅಂದ್ರಿ."

ಅಂದಿದ್ದೆ. ಇಷ್ಟು ದಿನ ಇಲ್ಲಿ ಬರೆದದ್ದರಲ್ಲಿ ಅದೊಂದನ್ನು ಬರೆದಿಲ್ಲ ಎಂದು ಈಗ ಪುಟ ತಿರುಗಿಸಿ ನೋಡಿದೆ. ದೀಪ ನನಗೂ ಕಂಡಿತ್ತು. ಆ ಕ್ಷಣವೇ ಸ್ವಿಚ್ಚು ಆರಿಸಿದ್ದರೆ ಕಾರು ಹತ್ತುತ್ತಿತ್ತು. ಅಷ್ಟು ಜನರ ಮುಂದೆ ದೀಪದ ಸರ ಆರಿಸಲು ಮನಸ್ಸು ಬರಲಿಲ್ಲ.

"ನೀನ್ಯಾಕೆ ಅವತ್ತೇ ಹೇಳ್ಲಿಲ್ಲ?" ಎಂದು ಅವಳ ಮೇಲೆ ರೇಗಿದೆ.

"ನೀವು ಕೇಳಿದ್ರಾ?" ಅಂದಳು. "ಇಳಿದ ತಕ್ಷಣ ಆ ಹುಡುಗನ ಮೇಲೆ ಹಾರಿಬಿದ್ರಿ. ನಾನು ಬಾಯಿಬಿಟ್ಟಿದ್ರೆ ಅಷ್ಟೂ ಜನರೆದುರು ನಿಮ್ಮ ಮರ್ಯಾದೆ ಹೋಗ್ತಿತ್ತು. ಸುಮ್ಮನಾದೆ. ವಹೀಬಾನೂ ಸುಮ್ಮನಾದ್ಲು. ಅವರ ಮನೇಲಿ ಆರು ದಿನದಿಂದ ಸುಮ್ಮನಿದ್ದಾಳೆ."

ನಾಚಿಕೆ ಎಂದರೆ ಏನೆಂದು ಶುಕ್ರವಾರದಿಂದ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ. ಕಾರು ನಿಂತದ್ದಕ್ಕೆ, ಕ್ಷೌರದವನು ನಕ್ಕದ್ದಕ್ಕೆ ನಾಚಿಕೊಂಡಿದ್ದೆ. ಆ ಹುಡುಗಿ ಸಾರಿನ ಪಾತ್ರೆಯ ಮುಂದೆ ನಿಂತು ನನ್ನ ಸಲುವಾಗಿ ಹಲ್ಲು ಕಿರಿಯುತ್ತಿರುವುದನ್ನು ನೆನೆದರೆ ಈ ಮುಖವನ್ನು ಎಲ್ಲಿಡಲಿ ಎಂದು ತಿಳಿಯುವುದಿಲ್ಲ.

ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ಅಂಕಿ ಅಳಿಸಿದವನು ನಾನೇ. ಬರೀ ಬಾಯಲ್ಲಿ ಹೇಳಿದರೆ, ಹುಡುಗಿಯ ಸಂಸಾರ ಉಳಿಸಲು ಮುದುಕ ತಪ್ಪು ತನ್ನ ಮೇಲೆ ಎಳೆದುಕೊಂಡ ಎಂದು ನಾಲ್ಕು ಜನ ಹೊಗಳುತ್ತಾರೆ, ಝೂಬೀರನ ಮೇಲಿನ ಅನುಮಾನ ಹಾಗೇ ಉಳಿಯುತ್ತದೆ.

ಡಿಕ್ಕಿಯಿಂದ ದೀಪಗಳ ಸರ ತೆಗೆದೆ. ಎರಡು ಬಲ್ಬು ಒಡೆದಿವೆ. ಅದೇ ತಂತಿಗೆ, ಅದೇ ಸ್ವಿಚ್ಚಿಗೆ ಮತ್ತೆ ಕಟ್ಟಿದೆ. ಝೂಲಿಖಾ ಕಿಟಕಿಯಿಂದ ನೋಡಿದಳು. ಸ್ವಲ್ಪ ಹೊತ್ತಿಗೆ ಬುರ್ನೂಸಿಗೆ ಸುತ್ತಲು ಒಂದು ಒಗೆದ ಬಟ್ಟೆ ತಂದುಕೊಟ್ಟಳು.

ಜುಲೈ 18, ಗುರುವಾರ

ಝೂಲಿಖಾ ಸಿಹಿಯ ತಟ್ಟೆಗಳೊಂದಿಗೆ ಉಳಿದ ಹೆಂಗಸರ ಜೊತೆ ಮೊದಲೇ ಹೋದಳು. ಹೂರಿಯಾ ನನ್ನ ಪಕ್ಕ ಕೂತಳು. ಏನು ಮಾಡಲಿದ್ದೇನೆ ಎಂದು ಅವಳಿಗೂ ಹೇಳಿರಲಿಲ್ಲ.

ಹಾಜಿ ತಯೆಬ್ ಮನೆ ಅವರ ಬೀದಿಯ ಏರಿನ ತುದಿಯಲ್ಲಿದೆ. ಗಂಡಸರೆಲ್ಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಹೆಂಗಸರ ಹಾಡು. ನನ್ನ ಕಾರು ಕಂಡದ್ದೇ ಮಾತು ನಿಂತಿತು.

"ನೀರು ತೋರ್ಸೋಕೆ ಬಾಟಲಿ ತಂದ್ಯಾ ಲಖ್ದರ್?" ಅಂದರು ಹಾಜಿ. ಕೂತಲ್ಲಿಂದ ಏಳಲಿಲ್ಲ.

"ಇಲ್ಲ ಹಾಜಿ. ಝೂಬೀರ್ ಒಂದ್ ನಿಮಿಷ ಬರ್ಲಿ. ಈ ಗಾಡಿ ಓಡಿಸಲಿ."

ಝೂಬೀರ್ ಅಪ್ಪನ ಮುಖ ನೋಡಿ ಎದ್ದು ಬಂದ. ಏರಿನ ಬುಡದಿಂದ ಮೇಲಕ್ಕೆ ಹತ್ತಿಸು ಎಂದೆ. ನಾನು ಪಕ್ಕದಲ್ಲಿ ಕೂತೆ. ಕಾರು ಸಲೀಸಾಗಿ ಹತ್ತತೊಡಗಿತು. ಕುರ್ಚಿಯವರ ಎದುರಿಗೆ ಬಂದಾಗ ನಾನು ಸ್ವಿಚ್ಚು ಹಾಕಿದೆ. ಹಿಂದಿನ ಗಾಜಿನಲ್ಲಿ ಕೆಂಪು ಹಸಿರು ದೀಪ ಹತ್ತಿಕೊಂಡವು. ಇಂಜಿನ್ ಮಂಕಾಯಿತು, ಹಳದಿ ದೀಪ ಬಂತು.

"ಒತ್ತು."

"ಒತ್ತಿದ್ದೀನಿ ಚಿಕ್ಕಪ್ಪ."

"ಇನ್ನೂ ಒತ್ತು."

ಕಾರು ನಿಂತಿತು. ನಾನು ಸ್ವಿಚ್ಚು ಆರಿಸಿ, ಈಗ ನೋಡು ಎಂದೆ. ಒಮ್ಮೆ ಕಾಲೆತ್ತಿ ಮತ್ತೆ ಒತ್ತಿದ, ಹತ್ತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಅವನು ಸ್ಟಿಯರಿಂಗಿನಿಂದ ಕೈ ತೆಗೆದ.

ಇಳಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವತ್ತೂ ಹಾಗೆಯೇ ಹೇಳಿದ್ದೆನಲ್ಲ. "ಈ ದೀಪಗಳನ್ನ ತಪ್ಪು ತಂತಿಗೆ ಕಟ್ಟಿದ್ದು ನಾನು. ಡೀಸೆಲಲ್ಲಿ ಒಂದು ಹನಿ ನೀರಿರ್ಲಿಲ್ಲ. ಝೂಬೀರ್ ಮೇಲೆ ನಾನು ಹೇಳಿದ್ದು ಸುಳ್ಳು."

ಝೂಬೀರ್ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದ. "ಅವತ್ತು ನಿಮಗೆ ಗೊತ್ತಿರ್ಲಿಲ್ಲ ಅಲ್ವಾ ಚಿಕ್ಕಪ್ಪ" ಅಂದ. ನನಗೊಂದು ದಾರಿ ಬಿಟ್ಟುಕೊಟ್ಟ, ಒಳ್ಳೆಯ ಹುಡುಗ.

"ತಂತಿ ವಿಷ್ಯ ಗೊತ್ತಿರ್ಲಿಲ್ಲ. ದೀಪ ಕಂಡಿತ್ತು."

"ತಂತಿ ವಿಷ್ಯ ಯಾವಾಗ ಗೊತ್ತಾಯ್ತು?"

"ಸೋಮವಾರ."

ಅವನು ಮನಸ್ಸಿನಲ್ಲೇ ದಿನ ಎಣಿಸುವುದು ಕಾಣಿಸಿತು. ಮುಖ ಬಿಗಿಯಾಯಿತು. ಬೆನ್ನು ತಿರುಗಿಸಿ ಒಳಗೆ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು. ಹಾಜಿ ಕೋಲೂರಿ ಎದ್ದು, "ಕಾಫಿ ಆರೋಗತ್ತೆ, ಒಳಗೆ ನಡಿ" ಅಂದರು.

ವಹೀಬಾ ಅಂಗಳದ ಕಂಬದ ಹತ್ತಿರ ನಿಂತಿದ್ದಳು, ಸೊಂಟಕ್ಕೆ ಚಿನ್ನದ ಬಣ್ಣದ ಪಟ್ಟಿ. ಕಿಟಕಿಯಿಂದ ಎಲ್ಲ ನೋಡಿದ್ದಳು. ಸುತ್ತಿದ್ದ ಬಟ್ಟೆ ಬಿಡಿಸಿ ಬುರ್ನೂಸ್ ಅವಳ ಹೆಗಲಿಗೆ ಹೊದಿಸಿದೆ. ಜುಲೈ ಸೆಖೆಯಲ್ಲಿ ಆ ಉಣ್ಣೆ. ಅವಳು ತೆಗೆಯಲಿಲ್ಲ.

"ಅತ್ತೆ ದಿನಾ ಕೇಳ್ತಿದ್ರು ಮಾಮಾ, 'ನೀನು ಒಳಗೇ ಇದ್ಯಲ್ಲ, ಏನಾಯ್ತು' ಅಂತ" ಅಂದಳು ಮೆಲ್ಲಗೆ. "ಮುಸುಕಿತ್ತು, ಏನೂ ಕಾಣ್ಲಿಲ್ಲ ಅಂದೆ."

"ನಂಬಿದ್ರಾ?"

"ಇಲ್ಲ."

ನನ್ನ ಕಣ್ಣು ತುಂಬಿತು. ಅವಳು ಬುರ್ನೂಸಿನ ಅಂಚಿನಿಂದ ನನ್ನ ಗಡ್ಡ ಒರೆಸಿ, "ಬೇಡ ಮಾಮಾ, ನಾದಿನಿ ನೋಡ್ತಿದ್ದಾಳೆ, ಉಣ್ಣೆಗೆ ನೀರು ಬಿತ್ತು ಅಂತಾಳೆ" ಅಂದಳು. ಈ ಸಲ ನಿಜವಾಗಿ ನಕ್ಕಳು.

ಕಾಫಿಯ ಜೊತೆ ಮಕ್ರೂದ್ ಬಂತು. ತಟ್ಟೆ ತಂದವನು ಝೂಬೀರ್. ನನ್ನ ಮುಂದಿಟ್ಟ, ಆದರೆ ಮುಖ ನೋಡಲಿಲ್ಲ. ಒಂದು ತೆಗೆದುಕೊಂಡೆ.

ವಾಪಸು ಬರುವಾಗ ಸರ ಬಿಚ್ಚಿ ಹಿಂದಿನ ಸೀಟಿನಲ್ಲಿಟ್ಟಿದ್ದೆ. ಆದರೂ ಎದುರಿಗೆ ಹಳದಿ ದೀಪ ಉರಿಯುತ್ತಲೇ ಇತ್ತು. ಇವತ್ತಿನದನ್ನೂ ಕಂಪ್ಯೂಟರ್ ನೆನಪಿಟ್ಟುಕೊಂಡಿದೆ. ಬ್ಯಾಟರಿಯ ತಂತಿ ಬಿಚ್ಚಿದರೆ ಹೋಗುತ್ತದೆ. ಬಿಚ್ಚಬೇಕೆನ್ನಿಸಲಿಲ್ಲ. ಅಂಚೆ ಕಚೇರಿಯ ಹತ್ತಿರ ಹೂರಿಯಾ ಬಗ್ಗಿ ನೋಡಿದಳು.

"ಅದೇನಣ್ಣ, ಹಳದಿ ದೀಪ?"

"ನಾನು ತಂತಿ ತಪ್ಪು ಕಟ್ಟಿದ್ದೆ, ಅದರದ್ದು" ಎಂದೆ.

"ಹೌದಾ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಅಷ್ಟೇ. ಕಾಫಿ ಅಂಗಡಿಯ ಮುಂದೆ ಕೂತವರು ಯಾರೂ ನಮ್ಮ ಕಡೆ ನೋಡಲಿಲ್ಲ. ಅವತ್ತು ವಹೀಬಾ ಕೇಳಿದಾಗ "ಏನೋ ತಪ್ಪಾಗಿದೆ, ಇರು ನೋಡ್ತೀನಿ" ಅನ್ನುವುದು ಇದಕ್ಕಿಂತ ಕಷ್ಟವೇನೂ ಆಗುತ್ತಿರಲಿಲ್ಲ.